ಹೊಳೆ ಇಳಿಯುತ್ತಲೇ ಇದ್ದ ಸರದಾರ

ನಮ್ಮ ದೊಡ್ಡಪ್ಪ ದಕ್ಷಿಣ ಅಮೇರಿಕಾ ಖಂಡದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಗೆದ್ದು ಸ್ವತಂತ್ರ ಮಾಡಿದವರು. ಆದರೆ ಹಿತ್ತಲಲ್ಲಿದ್ದ ಒಂದೇ ಒಂದು ಎಮ್ಮೆಯನ್ನು ಹಿಡಿದು ಗೂಟಕ್ಕೆ ಕಟ್ಟುವುದು ಮಾತ್ರ ಅವರಿಂದ ಎಂದೂ ಆಗಲಿಲ್ಲ.

ಇದು ಅತಿಯಾಯಿತು ಎಂದು ನಿಮಗನ್ನಿಸಿದರೆ ಜತ್ತ ತಾಲೂಕಿನಲ್ಲಿ ಉಟಗಿಯ ಆಚೀಚೆ ಯಾರನ್ನಾದರೂ ಕೇಳಿ ನೋಡಿ. ಮಳೆ ಎಷ್ಟಾಯಿತು, ಜೋಳ ಹೇಗಿದೆ ಎಂದು ಕೇಳಿದರೆ ತಡವರಿಸುವ ಮಂದಿ ಕೂಡ, ಸ್ಪೇನಿನ ರಾಜನ ದಂಡನ್ನು ಗುಡ್ಡದ ಯಾವ ಕಡೆಯಿಂದ ಸುತ್ತುಗಟ್ಟಬೇಕು ಎಂದು ಕೇಳಿದರೆ ಥಟ್ಟನೆ ಕೈ ತೋರಿಸಿ ಹೇಳುತ್ತಾರೆ. ಅದೆಲ್ಲ ನಮ್ಮ ದೊಡ್ಡಪ್ಪನವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಕಲಿಸಿದ ವಿದ್ಯೆ.

ಹಾಗೆಂದು ಅವರನ್ನು ಸೈನಿಕರೆಂದು ತಿಳಿಯಬೇಡಿ. ಅವರು ಸಂಸ್ಥಾನದ ಪಾಗೆಯಲ್ಲಿ, ಅಂದರೆ ಕುದುರೆ ಲಾಯದಲ್ಲಿ, ಕಾರಕೂನರಾಗಿದ್ದರು. ಹುರುಳಿ, ಹುಲ್ಲು, ಲಾಳ, ಔಷಧ ಇವುಗಳ ಬಗ್ಗೆ ಬರೆದಿಡುವುದು ಅವರ ಕೆಲಸ. ಕುದುರೆ ಹತ್ತುವುದು ಅದರಲ್ಲಿ ಸೇರಿರಲಿಲ್ಲ. ಒಮ್ಮೆ ಹತ್ತಿದ್ದರೆಂದು ದೊಡ್ಡವ್ವ ಹೇಳುತ್ತಿದ್ದಳು. ‘ಹತ್ತಿದ್ದು ಖರೆ. ಕುದರಿ ಒಲ್ಲೆ ಅಂತು, ಇಳದ್ರು’ ಎಂಬಲ್ಲಿಗೆ ಆ ಕಥೆ ಮುಗಿಯುತ್ತಿತ್ತು.

ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿಹೋದಾಗ ಪಾಗೆ ಮುಚ್ಚಿತು. ಸಾಮಾನುಗಳನ್ನು ಲಿಲಾವಿಗೆ ಹಾಕಿದರು. ಒಬ್ಬರು ಜೀನು ಕೂಗಿ ಕೊಂಡರು, ಒಬ್ಬರು ಗೋಡೆ ಗಡಿಯಾರ, ಮತ್ತೊಬ್ಬರು ತಾಮ್ರದ ಹಂಡೆ. ನಮ್ಮ ದೊಡ್ಡಪ್ಪ ಒಂದು ದಪ್ಪನೆಯ ಇಂಗ್ಲಿಷ್ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಊರಿಗೆ ಬಂದರು. ನಾನಾಗ ಸಣ್ಣವಳು. ನಮ್ಮದೂ ಅವರದೂ ಒಂದೇ ಅಂಗಳವಾದ್ದರಿಂದ ಬಾಗಿಲಲ್ಲಿ ನಡೆದ ಮಾತು ನನಗೂ ಕೇಳಿಸಿತು.

‘ಹಂಡೆ ಸಿಗಲಿಲ್ಲೇನ್ರಿ?’ ಎಂದಳು ದೊಡ್ಡವ್ವ.

‘ಹಂಡ್ಯಾಗ ಚಿತ್ರ ಇರಂಗಿಲ್ಲ’ ಎಂದರು ದೊಡ್ಡಪ್ಪ.

ಚಿತ್ರಗಳೇನೋ ಇದ್ದವು. ದಕ್ಷಿಣ ಅಮೇರಿಕೆಯನ್ನು ಸ್ಪೇನಿನ ಕೈಯಿಂದ ಬಿಡಿಸಿದ ಸೇನಾಪತಿಗಳ ಜೀವನಚರಿತ್ರೆ ಅದು. ಎರಡು ಹಾಳೆಗೊಮ್ಮೆ ಒಂದು ಕುದುರೆ, ಕುದುರೆಯ ಮೇಲೆ ಒಬ್ಬ ಮೀಸೆಯವನು. ಕುದುರೆಗಳನ್ನು ನೋಡಲು ಬಂದಿದ್ದ ಯಾವನೋ ಬಿಳಿ ಸಾಹೇಬ ಅದನ್ನು ಪಾಗೆಯಲ್ಲಿ ಮರೆತು ಹೋಗಿದ್ದನಂತೆ. ದೊಡ್ಡಪ್ಪನಿಗೆ ಬರುತ್ತಿದ್ದುದು ಔಷಧದ ಶೀಸೆಯ ಮೇಲಿನ ಹೆಸರು ಓದುವಷ್ಟು ಇಂಗ್ಲಿಷ್. ಅಷ್ಟರಿಂದಲೇ ಬೆರಳಿಟ್ಟು, ನಿಘಂಟು ತಿರುವಿ, ಗೊತ್ತಾಗದ ಕಡೆ ಧೈರ್ಯ ಮಾಡಿ ಅವರು ಆ ಪುಸ್ತಕವನ್ನು ಓದಿ ಮುಗಿಸಿದರು.

ಮುಗಿಸಿದರು ಎನ್ನುವುದು ತಪ್ಪು. ಪುಸ್ತಕಕ್ಕೆ ಕೊನೆಯೇ ಇರಲಿಲ್ಲ. ಪಾಗೆಯಲ್ಲಿ ಕುದುರೆಗಳಿಗೆ ಔಷಧದ ಪುಡಿ ಕಟ್ಟಿಕೊಡುತ್ತಿದ್ದವನು ಹಿಂದಿನಿಂದ ಒಂದೊಂದೇ ಹಾಳೆ ಹರಿದು ಬಳಸಿಕೊಂಡಿದ್ದ. ಸರದಾರರಲ್ಲೆಲ್ಲ ದೊಡ್ಡವನು ಗೆದ್ದ ರಾಜ್ಯವನ್ನೆಲ್ಲ ಬಿಟ್ಟುಕೊಟ್ಟು, ಮೈಯಲ್ಲಿ ಹುಷಾರಿಲ್ಲದೆ, ದೋಣಿ ಹತ್ತಿ ಹೊಳೆ ಇಳಿದು ಸಮುದ್ರದ ಕಡೆ ಹೊರಟ ಎಂಬಲ್ಲಿಗೆ ಪುಸ್ತಕ ನಿಲ್ಲುತ್ತಿತ್ತು. ಮುಂದಿನದು ಯಾವ ಕುದುರೆಯ ಹೊಟ್ಟೆನೋವಿಗೆ ಹೋಯಿತೋ, ಯಾರಿಗೂ ತಿಳಿಯದು.

ದೊಡ್ಡಪ್ಪ ಸರದಾರರ ಹೆಸರು ಹೇಳುತ್ತಿರಲಿಲ್ಲ. ಹೇಳಿದರೂ ನಮ್ಮ ಕಡೆಯ ನಾಲಿಗೆಗೆ ಹತ್ತುವಂಥವಲ್ಲ. ಹಿಮದ ಪರ್ವತ ದಾಟಿ ಶತ್ರುವಿನ ಬೆನ್ನಿಗೆ ಬಿದ್ದವನು ‘ಗುಡ್ಡದ ಸರದಾರ’. ಹುಲ್ಲುಗಾವಲಿನ ಕುದುರೆಗಾರರನ್ನು ಕೂಡಿಸಿಕೊಂಡು ಹೋರಾಡಿದವನು ‘ಬಯಲ ಸರದಾರ’. ಎಲ್ಲರಿಗೂ ಮೇಲಿನವನು ‘ದೊಡ್ಡ ಸರದಾರ’. ಈ ದೊಡ್ಡ ಸರದಾರ ಆಳು ಗಿಡ್ಡ, ಮೈಯಲ್ಲಿ ಮಾಂಸವಿಲ್ಲದವನು ಎಂದು ಪುಸ್ತಕದಲ್ಲಿ ಬರೆದಿತ್ತು. ದೊಡ್ಡಪ್ಪನೂ ಗಿಡ್ಡ. ಆ ಸಾಲನ್ನು ಅವರು ಕಟ್ಟೆಗೆ ಬಂದ ಪ್ರತಿಯೊಬ್ಬರಿಗೂ ಓದಿ ತೋರಿಸುತ್ತಿದ್ದರು. ‘ನನ್ನಷ್ಟು, ಸರಿಯಾಗಿ ನನ್ನಷ್ಟು’ ಎಂದು ಎದ್ದು ನಿಲ್ಲುತ್ತಿದ್ದರು. ಎದ್ದು ನಿಂತದ್ದು ಕೆಲವರಿಗೆ ತಿಳಿಯುತ್ತಲೇ ಇರಲಿಲ್ಲ.

ಕಟ್ಟೆಯ ಖಾಯಂ ಶ್ರೋತೃ ಕುರಿ ಮುತ್ಯಾ. ಹೆಸರು ಬೇರೆ ಇತ್ತು, ಆದರೆ ಕುರಿ ಕಾಯುವ ಮುದುಕನಾದ್ದರಿಂದ ಊರಿಗೆಲ್ಲ ಕುರಿ ಮುತ್ಯಾ. ಸಂಜೆ ಕುರಿಗಳನ್ನು ಹಟ್ಟಿಗೆ ಸೇರಿಸಿ, ಕಂಬಳಿ ಹೊದ್ದು, ಕಟ್ಟೆಯ ತುದಿಯಲ್ಲಿ ಬಂದು ಕೂರುತ್ತಿದ್ದ. ಅವನಷ್ಟು ಕಠಿಣ ವಿಮರ್ಶಕನನ್ನು ನಾನು ವಿಶ್ವವಿದ್ಯಾಲಯದಲ್ಲಿಯೂ ನೋಡಲಿಲ್ಲ.

ಗುಡ್ಡದ ಸರದಾರ ದಂಡಿನೊಡನೆ ಹಿಮದ ಪರ್ವತ ಹತ್ತಿದ ಪ್ರಸಂಗ ಬಂದಾಗ ಮುತ್ಯಾ ಕೇಳಿದ, ‘ಅಷ್ಟ ಎತ್ತರದಾಗ ಉಸರ ಹಿಡಿಯಂಗಿಲ್ಲೇನ್ರಿ ಕಾರಕೂನ್ರ?’

‘ಹಿಡಿತೈತಿ. ಅದಕ್ಕ ಸರದಾರ ಏನ್ ಮಾಡಿದ? ಎಲ್ಲಾರಿಗೂ ಉಳ್ಳಾಗಡ್ಡಿ ಬಳ್ಳೊಳ್ಳಿ ಕಟ್ಟಿಸಿದ. ಉಸರ ಹಿಡದಾಗ ಅದನ್ನ ಜಗಿಯೂದು.’

‘ಉಳ್ಳಾಗಡ್ಡಿ ಬಳ್ಳೊಳ್ಳಿ ಕಟಗೊಂಡು ಹೊಂಟ್ರ?’ ಮುತ್ಯಾ ಸುತ್ತಲಿದ್ದವರ ಮುಖ ನೋಡಿದ. ‘ಹಂಗಾರ ಅವರು ನಮ್ಮ ಮಂದೀನ ಬಿಡ್ರಿ.’

ಅಂದಿನಿಂದ ಊರಿನ ಮಟ್ಟಿಗೆ ದಕ್ಷಿಣ ಅಮೇರಿಕಾ ಪಕ್ಕದ ಊರಾದ ದರಿಬಡಚಿಯಿಂದ ಸ್ವಲ್ಪ ಆಚೆ ಬಂದು ನಿಂತಿತು.

ಬಯಲ ಸರದಾರನ ವಿಷಯದಲ್ಲಿ ಇಷ್ಟು ಸುಲಭವಾಗಲಿಲ್ಲ. ಅವನ ಸವಾರರು ಕುದುರೆಗಳ ಸಮೇತ ಹೊಳೆಗೆ ಹಾರಿ, ಈಜುತ್ತ ಹೋಗಿ ಶತ್ರುವಿನ ತೋಪಿನ ದೋಣಿಗಳನ್ನು ಹಿಡಿದರು ಎಂದು ದೊಡ್ಡಪ್ಪ ಎರಡೂ ಕೈ ಬೀಸಿ ವರ್ಣಿಸಿದರು. ಮುತ್ಯಾ ಬಹಳ ಹೊತ್ತು ಯೋಚಿಸಿ ಹೇಳಿದ, ‘ಕುದರಿ ಈಜಿದ್ದು ನಂಬತೀನ್ರಿ. ದೋಣಿ ಹಿಡದದ್ದೂ ನಂಬತೀನಿ. ಹೊಳ್ಯಾಗ ಅಷ್ಟ ನೀರ ಇತ್ತು ಅನ್ನೂದು ಮಾತ್ರ ನಂಬಾಕ ಆಗವಲ್ದು.’

ಇಲ್ಲಿಯ ತನಕ ನಗುತ್ತ ಬರೆದೆ. ಇನ್ನು ಅಣ್ಣನ ವಿಷಯ ಹೇಳಬೇಕು. ಹೇಳದಿದ್ದರೆ ದೊಡ್ಡಪ್ಪ ಬರಿಯ ತಮಾಷೆಯ ಮನುಷ್ಯರಾಗಿ ಉಳಿದುಬಿಡುತ್ತಾರೆ.

ದೊಡ್ಡಪ್ಪ ದೊಡ್ಡವ್ವರಿಗೆ ಅವನು ಒಬ್ಬನೇ ಮಗ. ಪಾಗೆಯ ಕುದುರೆಗಳ ನಡುವೆಯೇ ಬೆಳೆದವನು. ತಂದೆಯಂತೆ ಗಿಡ್ಡನಲ್ಲ, ಸೋದರಮಾವಂದಿರನ್ನು ಹೋತು ಉದ್ದ ಬೆಳೆದಿದ್ದ. ಅದರಲ್ಲೂ ತೋಳು. ಯಾವ ಅಂಗಿ ಹೊಲಿಸಿದರೂ ಮುಂಗೈಗಿಂತ ಮೇಲೆಯೇ ನಿಲ್ಲುತ್ತಿತ್ತು. ‘ಮೈಗೆ ಒಂದ ಅರಿವಿ ತರ್ರಿ, ತೋಳಿಗೆ ಇನ್ನೊಂದ ತರ್ರಿ’ ಎಂದು ಊರಿನ ಸಿಂಪಿಗ ಪ್ರತಿ ಸಲ ಹೇಳುತ್ತಿದ್ದನಂತೆ. ಊಟದಲ್ಲಿಯೂ ವಿಚಿತ್ರ. ಎಲ್ಲರೂ ಹೋಳಿಗೆಗೆ ತುಪ್ಪ ಹಾಕಿಕೊಂಡರೆ ಅಣ್ಣ ಹಸಿಮೆಣಸಿನಕಾಯಿ ಖಾರ ಹಚ್ಚಿಕೊಂಡು ತಿನ್ನುತ್ತಿದ್ದ. ನನಗೆ ನೆನಪಿರುವುದು ಇಷ್ಟೇ: ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತ ಹೋಳಿಗೆ ತಿನ್ನುವ ಒಬ್ಬ ಉದ್ದನೆಯ ಹುಡುಗ.

ದೊಡ್ಡ ಯುದ್ಧ ನಡೆದಾಗ ಅವನು ದಂಡಿಗೆ ಸೇರಿದ. ಜಾನುವಾರುಗಳ ಕೆಲಸ ಬಲ್ಲವನೆಂದು ಅವನನ್ನು ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವ ಪಲಟಣಕ್ಕೆ ಹಾಕಿದರು. ಬ್ರಹ್ಮದೇಶದ ಗುಡ್ಡಗಾಡಿನಲ್ಲಿ ಹೇಸರಗತ್ತೆಗಳನ್ನು ನಡೆಸಿಕೊಂಡು ಹೋದ. ಆಮೇಲೆ ಒಂದು ತಂತಿ ಬಂತು. ಅದರಲ್ಲಿ ಸತ್ತನೆಂದು ಇರಲಿಲ್ಲ, ಪತ್ತೆಯಿಲ್ಲ ಎಂದಿತ್ತು. ಯುದ್ಧ ಮುಗಿಯಿತು, ರಾಜ್ಯ ಬದಲಾಯಿತು, ಪಾಗೆ ಮುಚ್ಚಿತು. ಆ ತಂತಿ ಬಂದ ಮೇಲೆ ಇನ್ನೊಂದು ಮಾತು ಯಾರಿಂದಲೂ ಬರಲಿಲ್ಲ.

ನಮ್ಮಲ್ಲಿ ಮಾನಮಿ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುತ್ತಾರೆ. ಮನೆಯಲ್ಲಿ ತೀರಿಹೋದವರ ಹೆಸರಿನಲ್ಲಿ ಒಂದೊಂದು ಎಡೆ, ಅದರ ಪಕ್ಕದಲ್ಲಿ ಒಂದು ಹೊಸ ಬಟ್ಟೆ. ಎಡೆ ಇಡದ ಜೀವ ಹಸಿದುಕೊಂಡು ತಿರುಗುತ್ತದೆ ಎಂಬುದು ನಮ್ಮ ಹೆಂಗಸರ ನಂಬಿಕೆ. ದೊಡ್ಡವ್ವನಿಗೆ ಮಗ ಇನ್ನಿಲ್ಲವೆಂದು ತಂತಿ ಬಂದ ದಿನವೇ ಗೊತ್ತಾಗಿಹೋಗಿತ್ತು. ಹೇಗೆ ಎಂದು ಕೇಳಿದರೆ ಅವಳು ಹೇಳುತ್ತಿರಲಿಲ್ಲ. ಅವಳಿಗಿದ್ದ ಚಿಂತೆ ಬೇರೆ: ಹುಡುಗ ಹಸಿದಿದ್ದಾನೆ.

‘ಅವಗೂ ಒಂದ ಎಡಿ ಇಡೂಣ್ರಿ’ ಎಂದು ಪ್ರತಿ ವರ್ಷ ಆ ದಿನ ಬೆಳಿಗ್ಗೆ, ಹೂರಣ ಅರೆಯುತ್ತ, ತಲೆ ಎತ್ತದೆ ಕೇಳುತ್ತಿದ್ದಳು.

‘ಪತ್ತೆಯಿಲ್ಲ ಅಂದ್ರ ಸತ್ತ ಅಂತೇನು? ನಮ್ಮ ಎಮ್ಮಿ ವಾರಕ್ಕ ಎರಡ ಸಲ ಪತ್ತೆ ಇರೂದಿಲ್ಲ. ಅದಕ್ಕೂ ಎಡಿ ಇಡತೀಯೇನು?’ ಎಂದು ದೊಡ್ಡಪ್ಪ ಹಗ್ಗ ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. ಹೋದವರು ಬಹಳ ಹೊತ್ತು ಬರುತ್ತಿರಲಿಲ್ಲ. ದೊಡ್ಡವ್ವ ಮಾವನಿಗೆ, ಅತ್ತೆಗೆ ಎಡೆ ಇಟ್ಟು, ನಮಗೆಲ್ಲ ಬಡಿಸಿ, ತಾನು ಮಾತ್ರ ಹೋಳಿಗೆ ಮುಟ್ಟದೆ ರೊಟ್ಟಿ ತಿಂದು ಏಳುತ್ತಿದ್ದಳು.

ಗುಡ್ಡದ ಸರದಾರನ ಕಥೆಯಲ್ಲಿ ದೊಡ್ಡಪ್ಪ ದಂಡನ್ನು ಒಂದೇ ಸಂಜೆಯಲ್ಲಿ ಪರ್ವತ ದಾಟಿಸಿಬಿಡುತ್ತಿದ್ದರು. ಆದರೆ ಸಾಮಾನು ಹೊತ್ತ ಹೇಸರಗತ್ತೆಗಳನ್ನು ದಾಟಿಸಲು ಅವರಿಗೆ ಎಷ್ಟು ಸಂಜೆಗಳೂ ಸಾಲುತ್ತಿರಲಿಲ್ಲ. ಯಾವುದರ ಕಾಲು ಎಲ್ಲಿ ಜಾರಿತು, ಯಾವುದರ ಬೆನ್ನು ಹುಣ್ಣಾಯಿತು, ಕಡಿದಾದ ದಾರಿಯಲ್ಲಿ ಅವನ್ನು ನಡೆಸುವ ಹುಡುಗ ಮುಂದಿರಬೇಕೋ ಹಿಂದಿರಬೇಕೋ. ಚಿಕ್ಕವಳಾಗಿದ್ದಾಗ ನನಗೆ ಇದು ಬೇಸರ ತರುತ್ತಿತ್ತು. ಕುದುರೆ ಕತ್ತಿಗಳ ಕಡೆ ಕಥೆ ಯಾವಾಗ ಹೋದೀತು ಎಂದು ಕಾಯುತ್ತಿದ್ದೆ. ಕುರಿ ಮುತ್ಯಾ ಮಾತ್ರ ಆ ಭಾಗ ಬಂದಾಗ ವಿಮರ್ಶೆ ಮಾಡುತ್ತಿರಲಿಲ್ಲ. ‘ಹೌದ್ರಿ’ ಎನ್ನುತ್ತಿದ್ದ. ‘ಮುಂದ ಇರಬೇಕು ಹುಡಗ. ಮುಂದ ಇರತಾನ ತಗೋರಿ’ ಎನ್ನುತ್ತಿದ್ದ.

ದೊಡ್ಡ ಸರದಾರನದು ಇನ್ನೊಂದು ಬಗೆ. ಪುಸ್ತಕ ಅವನನ್ನು ದೋಣಿಯಲ್ಲಿ ಕೂರಿಸಿ ಕೈಬಿಟ್ಟಿತ್ತಲ್ಲ, ದೊಡ್ಡಪ್ಪನೂ ಅವನನ್ನು ದೋಣಿಯಿಂದ ಇಳಿಸಲಿಲ್ಲ. ಇಂದು ಇಂಥ ತಿರುವಿಗೆ ಬಂದ, ದಂಡೆಯಲ್ಲಿ ಮೊಸಳೆ ಮಲಗಿದ್ದವು, ಸೊಳ್ಳೆ ಬಹಳ, ಜ್ವರ ಸ್ವಲ್ಪ ಇಳಿದಿದೆ. ವರ್ಷಗಟ್ಟಲೆ ಹೀಗೆ. ಊರಿಗೆ ಎಸ್.ಟಿ. ಬಸ್ಸು ಬಂತು. ನಾನು ಜತ್ತಕ್ಕೆ ಹೋಗಿ ಮೇಲಿನ ಸಾಲಿ ಮುಗಿಸಿದೆ. ಸರದಾರ ಹೊಳೆ ಇಳಿಯುತ್ತಲೇ ಇದ್ದ.

‘ಇನ್ನೂ ಮುಟ್ಟಿಲ್ಲೇನ್ರಿ ಕಾರಕೂನ್ರ?’ ಎಂದು ಮುತ್ಯಾ ಕೇಳುವನು.

‘ಹೊಳಿ ಉದ್ದ ಐತಿ ಮುತ್ಯಾ.’

‘ಎಷ್ಟ ಉದ್ದ ಇರವಲ್ದ್ಯಾಕ. ನಾ ಕುರಿ ಹೊಡಕೊಂಡು ದೇಶಾಂತರ ಹೋಗಿ ಎಷ್ಟ ಸಲ ಹೊಳ್ಳಿ ಬಂದೆ. ಆ ಮನಶ್ಯಾ ದೋಣ್ಯಾಗ ಕುಂತಾಂವ ಕುಂತಽ ಅದಾನ.’

ಊರಿಗೆ ಹೊಸದಾಗಿ ಬಂದಿದ್ದ ಸಾಲಿ ಮಾಸ್ತರರು ಒಮ್ಮೆ, ‘ಸಾಂಗಲಿಗೆ ಹೋದಾಗ ಲೈಬ್ರರಿಯಾಗ ನೋಡಿ ಮುಂದಿನ ಕಥಿ ತಿಳಕೊಂಡು ಬರತೀನ್ರಿ’ ಎಂದು ಉಪಕಾರ ಮಾಡಲು ಬಂದರು. ದೊಡ್ಡಪ್ಪ ಆ ದಿನ ಮಾತ್ರ ಸಿಟ್ಟಾದದ್ದನ್ನು ನೋಡಿದೆ. ‘ಬ್ಯಾಡ್ರಿ. ನಿಮಗ ಹೇಳಿದ್ದ್ಯಾರು?’ ಎಂದು ಪುಸ್ತಕ ಮುಚ್ಚಿ ಒಳಗೆ ಹೋದರು.

ನನ್ನ ಬದುಕಿನಲ್ಲಿಯೂ ಈ ಸರದಾರರು ಒಮ್ಮೆ ಕೈ ಹಾಕಿದ್ದುಂಟು. ಮೆಟ್ರಿಕ್ ಆದ ಮೇಲೆ ನನ್ನನ್ನು ನೋಡಲು ಸನಮಡಿ ಕಡೆಯ ಒಬ್ಬರು ಬಂದಿದ್ದರು. ಹಿರಿಯರೆಂದು ದೊಡ್ಡಪ್ಪ ಎದುರಿಗೆ ಕುಳಿತಿದ್ದರು. ಹೊಲ ಎಷ್ಟು, ಬಾವಿ ಇದೆಯೋ ಇಲ್ಲವೋ ಎಂದು ಕೇಳಬೇಕಾದವರು ಕೇಳಿದ್ದು ಇದನ್ನು: ‘ನೋಡಪಾ, ಇಬ್ಬರು ಸರದಾರರು. ಒಬ್ಬಾಂವ ತೆಂಕಣದಿಂದ ಗೆದಕೋತ ಬಂದ, ಒಬ್ಬಾಂವ ಬಡಗಣದಿಂದ. ನಡಕ ಇಬ್ಬರೂ ಬಾಗಲಾ ಹಾಕ್ಕೊಂಡು ಮಾತಾಡಿದ್ರು. ಹೊರಗ ಬಂದ ಮ್ಯಾಲೆ ಒಬ್ಬಾಂವ ಎಲ್ಲಾ ಬಿಟ್ಟು ಸುಮ್ಮನ ಹೋಗಿಬಿಟ್ಟ. ಯಾಕ ಹೋದ?’

ವರ ಬಹಳ ಯೋಚಿಸಿ, ‘ಅಂಜಿರಬೇಕ್ರಿ’ ಎಂದ.

ದೊಡ್ಡಪ್ಪ ನಮ್ಮ ತಂದೆಯ ಕಡೆ ತಿರುಗಿ, ‘ಹುಡಗೀನ ಕಾಲೇಜಿಗೆ ಕಳಸು’ ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು. ಇಲ್ಲಿಯೂ ಅಷ್ಟೇ ಸಾಕು.

ಕಾಲೇಜು ಸೇರಿದ ಮೊದಲ ವರ್ಷವೇ ನಾನು ಗ್ರಂಥಾಲಯದಲ್ಲಿ ಆ ಸರದಾರರನ್ನು ಹುಡುಕಿದೆ. ಅದೇ ಪುಸ್ತಕ ಸಿಗಲಿಲ್ಲ, ಬೇರೆ ಸಿಕ್ಕಿತು. ಅದಕ್ಕೆ ಕೊನೆಯ ಹಾಳೆಗಳಿದ್ದವು. ಓದಿ ಮುಚ್ಚಿಟ್ಟೆ. ರಜೆಯಲ್ಲಿ ಊರಿಗೆ ಬಂದಾಗ ದೊಡ್ಡ ಸರದಾರ ಹೊಳೆಯ ಇನ್ನೊಂದು ತಿರುವಿನಲ್ಲಿದ್ದ. ನಾನು ಕಟ್ಟೆಯ ಮೂಲೆಯಲ್ಲಿ ಕುಳಿತು ಕೇಳಿದೆ. ದೊಡ್ಡಪ್ಪ ನನ್ನನ್ನು ಏನೂ ಕೇಳಲಿಲ್ಲ. ಆದರೆ ಕಥೆ ಹೇಳುವಾಗ ನನ್ನ ಮುಖವನ್ನು ನೋಡುವುದನ್ನು ಬಿಟ್ಟಿದ್ದರು.

ಬಿ.ಎ. ಪರೀಕ್ಷೆ ಮುಗಿಸಿ ಬಂದ ವರ್ಷ ದೊಡ್ಡವ್ವನಿಗೆ ಕೆಮ್ಮು ಹತ್ತಿತ್ತು. ಮಳೆಗಾಲ ಕಳೆಯುವುದರೊಳಗೆ ಅವಳ ಮೈ ಅರ್ಧವಾಗಿತ್ತು. ಅಮಾವಾಸ್ಯೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅಂಗಳದಲ್ಲಿ ಕಡಲೆಬೇಳೆ ಹಸನು ಮಾಡುತ್ತಿದ್ದೆವು. ಬೇಳೆಯಲ್ಲಿಯೇ ಕಣ್ಣಿಟ್ಟು ಅವಳು ಕೇಳಿದಳು:

‘ತಂಗಿ, ನಾ ಹೋದ ಮ್ಯಾಲೆ ಅವಗ ಯಾರ ಎಡಿ ಇಡತಾರ? ಇವರಂತೂ ಇಡಂಗಿಲ್ಲ. ನೀನರ ಇಡತೀಯೇನ?’

ನಾನು ಬೇಳೆಯಿಂದ ತಲೆ ಎತ್ತಿದೆ. ಹಿತ್ತಲ ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. ಕೈಯಲ್ಲಿ ಹಗ್ಗ ಇತ್ತು, ಎಮ್ಮೆ ಇರಲಿಲ್ಲ. ಅವರು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ದೊಡ್ಡವ್ವನಿಗೆ ಅವರು ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವರು ನಮ್ಮ ಮನೆಯ ಕಡೆ ಬಂದು ಹೊಸ್ತಿಲ ಮೇಲೆ ಕುಳಿತರು.

‘ತಂಗಿ, ಕಾಲೇಜಿನ್ಯಾಗ ನಮ್ಮ ಸರದಾರಂದು ಓದಿರಬೇಕಲ್ಲ ನೀ?’

‘ಓದೀನ್ರಿ.’

‘ಅದರಾಗ ಮುಗೀತೈತೇನು?’

‘ಮುಗೀತೈತ್ರಿ ದೊಡ್ಡಪ್ಪ.’

‘ಹಂಗಾರ ಹೇಳು.’

ನನಗೆ ದೊಡ್ಡಪ್ಪನಂತೆ ಕೈ ಬೀಸಿ ಕಥೆ ಹೇಳಲು ಬರುವುದಿಲ್ಲ. ಓದಿದ್ದನ್ನು ಓದಿದಂತೆ ಹೇಳಿದೆ. ದೋಣಿ ಸಮುದ್ರದ ದಂಡೆಯ ಊರಿಗೆ ಮುಟ್ಟಿತು. ಆದರೆ ಸರದಾರ ಅಲ್ಲಿಂದ ಹಡಗು ಹತ್ತಲಿಲ್ಲ. ಹತ್ತುವಷ್ಟು ಶಕ್ತಿ ಇರಲಿಲ್ಲ. ಒಬ್ಬ ಅವನನ್ನು ತನ್ನ ತೋಟದ ಮನೆಗೆ ಕರೆದುಕೊಂಡು ಹೋದ. ಅವನು ಸ್ಪೇನಿನವನು, ಸರದಾರ ಜೀವನವಿಡೀ ಯಾರ ಮೇಲೆ ಹೋರಾಡಿದ್ದನೋ ಆ ದೇಶದವನು. ಅವನ ಮನೆಯಲ್ಲಿಯೇ ಸರದಾರ ತೀರಿಕೊಂಡ.

‘ಹಾಸಿಗಿ ಕೊಟ್ಟಿದ್ದನೇನು?’

‘ಹಾಸಿಗಿ ಮ್ಯಾಲೇನ ತೀರಿಕೊಂಡ ಅಂತ ಬರದಾರ್ರಿ.’

‘ಬಾಜೂಕ ಯಾರರ ಇದ್ದರೇನು?’

‘ಇದ್ದರ್ರಿ. ನೋಡಿಕೊಳ್ಳವರು ಇದ್ದರು.’

‘ನೀರ ಕೊಟ್ಟಿರತಾರ?’

ಅಷ್ಟು ಪುಸ್ತಕದಲ್ಲಿ ಇರಲಿಲ್ಲ. ಇರಲಿಲ್ಲ ಎಂದೇ ಹೇಳಿದೆ. ದೊಡ್ಡಪ್ಪ ‘ಹಾಸಿಗಿ ಕೊಟ್ಟಾಂವ ನೀರ ಕೊಡದಽ ಇರತಾನೇನು’ ಎಂದು ತಾವೇ ಮುಗಿಸಿದರು.

ಕೊನೆಗೆ ಅಂಗಿಯ ಮಾತು ಹೇಳಿದೆ. ದೇಶಗಳನ್ನೇ ಗೆದ್ದ ಆ ಮನುಷ್ಯನಿಗೆ ಹೆಣಕ್ಕೆ ತೊಡಿಸಲು ಒಂದು ಹರಿಯದ ಅಂಗಿ ಇರಲಿಲ್ಲವಂತೆ. ಬೇರೆ ಯಾರದೋ ಅಂಗಿ ತಂದು ತೊಡಿಸಿ ಮಣ್ಣು ಮಾಡಿದರಂತೆ.

ದೊಡ್ಡಪ್ಪ ಅದನ್ನು ಕೇಳಿ ಎದ್ದರು. ಅಷ್ಟು ವರ್ಷ ಕಟ್ಟೆಯ ಮೇಲೆ ಎದ್ದು ನಿಲ್ಲುತ್ತಿದ್ದಾಗಿನದಕ್ಕಿಂತ ಇನ್ನೂ ಗಿಡ್ಡವಾಗಿ ಕಂಡರು. ‘ಪರಮಂದಿ ಆದ್ರೂ ಅಂಗಿ ಹಾಕಿ ಕಳಸ್ಯಾರ’ ಎಂದು ಹೇಳಿ ಹೊರಟುಹೋದರು.

ಆ ಸಂಜೆ ಸಿಂಪಿಗ ನಮ್ಮ ತಂದೆಯ ಹತ್ತಿರ ಬಂದು ದೂರಿದ. ‘ಕಾರಕೂನ್ರು ಮಾಂಜರಪಾಟ ಅರಿವಿ ತಂದು ಹಾಕಿ, ಸರದಾರಗ ಅಂಗಿ ಹೊಲಿ ಅಂತಾರ್ರಿ. ನಾ ಅಂದೆ, ಅಳತಿಗೆ ಸರದಾರನ್ನ ಕಳಸ್ರಿ. ಅಳತಿ ನನಗ ಗೊತ್ತೈತಿ ಅಂದ್ರು. ನಿಮಗ ಹೆಂಗ ಗೊತ್ತು ಅಂದೆ. ಹೊಲಿಯಾಂವ ಹೊಲೀಬೇಕು, ಇತಿಹಾಸ ಕೇಳಬಾರದು ಅಂದ್ರು.’ ನಮ್ಮ ತಂದೆ ನಕ್ಕರು. ನಾನೂ ನಕ್ಕೆ. ಸಿಂಪಿಗ ನಗಲಿಲ್ಲ. ಆಗ ಅದು ನನಗೆ ವಿಶೇಷವೆನಿಸಲಿಲ್ಲ.

ಅಮಾವಾಸ್ಯೆ ಬಂತು. ಒಳಮನೆಯನ್ನು ಸಾರಿಸಿ, ಮಣೆ ಹಾಕಿ, ಅಜ್ಜನಿಗೊಂದು ಧೋತರ, ಅಜ್ಜಿಗೊಂದು ಸೀರೆ ಮಡಿಚಿಟ್ಟಿದ್ದರು. ದೊಡ್ಡವ್ವ ಈ ಸಲ ಏನೂ ಕೇಳಿರಲಿಲ್ಲ. ಕೆಮ್ಮಿನ ನಡುವೆಯೇ ಕುಳಿತು ಹೋಳಿಗೆ ಬೇಯಿಸಿದ್ದಳು. ನಾನು ಎರಡು ಎಡೆ ಮಾಡಿಟ್ಟೆ. ಆಗ ದೊಡ್ಡಪ್ಪ ಒಂದು ಗಂಟು ಹಿಡಿದುಕೊಂಡು ಒಳಗೆ ಬಂದರು.

‘ಇನ್ನೊಂದ ಎಡಿ ಮಾಡು’ ಎಂದರು.

ದೊಡ್ಡವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

‘ಸರದಾರಂದು’ ಎಂದರು ದೊಡ್ಡಪ್ಪ, ಗೋಡೆಯ ಕಡೆ ನೋಡುತ್ತ. ‘ಅವಗ ಹಿಂದ ಮುಂದ ಯಾರೂ ಇಲ್ಲ. ಪರದೇಶದಾಗ ತೀರಿಕೊಂಡಾನ. ನಾವರ ಇಡಬೇಕು.’

ದೊಡ್ಡವ್ವ ಮುಖ ತಿರುಗಿಸಿದಳು. ಹೊಟ್ಟೆಯ ಮಗನಿಗೆ ಇಲ್ಲದ ಎಡೆ ಯಾವ ದೇಶದವನಿಗೋ ಬಂತು. ‘ಸರದಾರ ಹೋಳಿಗಿ ತಿಂತಾನೇನ್ರಿ?’ ಎಂದಷ್ಟೇ ಕೇಳಿದಳು.

‘ಸತ್ತ ಮ್ಯಾಲೆ ಎಲ್ಲಾರೂ ತಿಂತಾರ’ ಎಂದು ದೊಡ್ಡಪ್ಪ ಗಂಟನ್ನು ಅವಳ ಮುಂದಿಟ್ಟು, ಬಾಗಿಲ ಹತ್ತಿರ ಹೋಗಿ ನಿಂತರು.

ಮಣೆಯ ಮೇಲೆ ಇಡಬೇಕಾದ ಬಟ್ಟೆಯನ್ನು ಮನೆಯ ಹೆಂಗಸು ಒಮ್ಮೆ ಬಿಡಿಸಿ, ಝಾಡಿಸಿ, ಮತ್ತೆ ಮಡಿಚಿಡುವುದು ನಮ್ಮ ಪದ್ಧತಿ. ದೊಡ್ಡವ್ವ ಕೈ ಒರೆಸಿಕೊಂಡು ಗಂಟು ಬಿಚ್ಚಿದಳು. ಬಿಳಿಯ ಅಂಗಿ. ಎರಡೂ ಹೆಗಲುಗಳಲ್ಲಿ ಹಿಡಿದು ಎತ್ತಿದಳು. ತೋಳುಗಳು ಬಿಚ್ಚಿಕೊಂಡವು, ಬಿಚ್ಚಿಕೊಳ್ಳುತ್ತಲೇ ಹೋಗಿ ಅವಳ ಮೊಣಕಾಲಿಗೆ ಬಂದು ತಾಗಿದವು.

ಸರದಾರ ಗಿಡ್ಡ. ಆ ಸಾಲನ್ನು ದೊಡ್ಡಪ್ಪ ನನಗೆ ಎಷ್ಟು ಸಲ ಓದಿ ತೋರಿಸಿದ್ದರು. ತಪ್ಪನ್ನು ಕಂಡರೆ ತಿದ್ದಬೇಕೆನ್ನುವ ಅಭ್ಯಾಸ ನನ್ನದು. ‘ದೊಡ್ಡಪ್ಪ, ಸರದಾರ ನಿಮ್ಮಷ್ಟು ಅಂತ ಅಲ್ಲೇನ್ರಿ’ ಎನ್ನಲು ಬಾಯಿ ತೆರೆದವಳು ದೊಡ್ಡವ್ವನ ಮುಖ ನೋಡಿ ಮುಚ್ಚಿದೆ.

ಅವಳು ತೋಳಿನ ತುದಿಯನ್ನು ಎರಡು ಬೆರಳುಗಳಲ್ಲಿ ಹಿಡಿದಿದ್ದಳು. ಮುಂಗೈ ಪೂರ್ತಿ ಮುಚ್ಚುವ ತೋಳು. ಸಿಂಪಿಗನಿಂದ ಜನ್ಮದಲ್ಲಿ ಒಮ್ಮೆಯೂ ಹೊಲಿಯಲಾಗದಿದ್ದ ತೋಳು. ಅವಳು ದೊಡ್ಡಪ್ಪನ ಬೆನ್ನನ್ನು ನೋಡಿದಳು. ದೊಡ್ಡಪ್ಪ ಹಿತ್ತಲಿನಲ್ಲಿ ಎಮ್ಮೆ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದರು.

ಅಂಗಿಯನ್ನು ಅವಳು ಬಹಳ ನಿಧಾನವಾಗಿ ಮಡಿಚಿದಳು. ಮಣೆಯ ಮೇಲಿಟ್ಟು, ಮೇಲೆ ಕೈ ಆಡಿಸಿದಳು. ಆಮೇಲೆ ಮೂರನೆಯ ಎಡೆಯನ್ನು ತಾನೇ ಮಾಡಿದಳು. ನಾನು ತುಪ್ಪದ ಗಿಂಡಿ ಮುಂದೆ ಮಾಡಿದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ, ಎದ್ದು, ಒರಳಿನ ಹತ್ತಿರ ಹೋಗಿ ಹಸಿಮೆಣಸಿನಕಾಯಿ ಖಾರ ಕುಟ್ಟಿಕೊಂಡು ಬಂದು ಹೋಳಿಗೆಯ ಮಗ್ಗುಲಲ್ಲಿ ಬಡಿಸಿದಳು.

‘ಸರದಾರಗ ತುಪ್ಪ ಸೇರಂಗಿಲ್ಲ ತಂಗಿ’ ಎಂದಳು.

‘ಖಾರ ಬೇಕು ಅವಗ’ ಎಂದರು ದೊಡ್ಡಪ್ಪ, ತಿರುಗದೆ.

‘ಗೊತ್ತೈತ್ರಿ ನನಗ’ ಎಂದಳು ದೊಡ್ಡವ್ವ.

ಅಷ್ಟೇ. ಆ ಮನೆಯಲ್ಲಿ ಆ ದಿನ ಅಣ್ಣನ ಹೆಸರನ್ನು ಯಾರೂ ಎತ್ತಲಿಲ್ಲ. ಊಟಕ್ಕೆ ಕುಳಿತಾಗ ದೊಡ್ಡವ್ವನ ತಾಟಿನಲ್ಲಿ ಒಂದು ಹೋಳಿಗೆ ಇತ್ತು. ಅದನ್ನು ಬಡಿಸಿದ್ದು ದೊಡ್ಡಪ್ಪ. ಅವಳು ಒಂದೊಂದೇ ಚೂರು ಮುರಿದು ತಿಂದಳು.

ಸಂಜೆ ಕುರಿ ಮುತ್ಯಾ ಕಂಬಳಿ ಹೊದ್ದು ಬಂದು ಕಟ್ಟೆಯ ತುದಿಯಲ್ಲಿ ಕುಳಿತ. ದೊಡ್ಡಪ್ಪನ ಕೈಯಲ್ಲಿ ಪುಸ್ತಕ ಇರಲಿಲ್ಲ. ಮುತ್ಯಾ ಸ್ವಲ್ಪ ಕಾದು, ಎಂದಿನಂತೆ ಕೇಳಿದ:

‘ಮುಟ್ಟಿದನೇನ್ರಿ ಕಾರಕೂನ್ರ, ಸರದಾರ?’

‘ಮುಟ್ಟಿದ ಮುತ್ಯಾ’ ಎಂದರು ದೊಡ್ಡಪ್ಪ. ‘ಇವತ್ತ ಮುಟ್ಟಿದ.’

ಮುತ್ಯಾ ಒಳಮನೆಯ ದೀಪದ ಕಡೆ ಒಮ್ಮೆ ನೋಡಿದ. ತಲೆಯ ಮೇಲಿನ ಕಂಬಳಿ ಸರಿಸಿದ.

‘ಉಂಡನೇನ್ರಿ?’

‘ಉಂಡ.’